ಮೋಹನ್‌ರಾಜನ ನಲವತ್ತು ಪುಟದ ಕ್ರಿಸ್ಮಸ್ ಪಾಠ

"ಈ ಕ್ರಿಸ್ಮಸ್ಸಿಗೆ ನಿಮ್ಮಣ್ಣನ ಕಣ್ಣು ತೆರೆಸದಿದ್ರೆ ನಾನು ಮೋಹನ್‌ರಾಜೇ ಅಲ್ಲ!"

ಹೀಗೆ ಘೋಷಿಸಿದ ಮಹಾನುಭಾವ ಕೊಯಮತ್ತೂರಿನ ಪಂಪ್ ಕಾರ್ಖಾನೆಯೊಂದರ ಮೇಸ್ತ್ರಿ. ನೇಕಾರರ ಮನೆತನದಲ್ಲಿ ಹುಟ್ಟಿ, ಎಂಟು ವರ್ಷದ ಹಿಂದೆ ಮಾರ್ಮನ್ ಎಂಬ ಕ್ರೈಸ್ತ ಪಂಗಡದ ಸಭೆ ಸೇರಿ, ಅಲ್ಲಿನ ನೇಮದಂತೆ ಅಂದೇ ಕಾಪಿ ಬಿಟ್ಟವನು. ಹೆಂಡತಿ ಗೋಮತಿಯ ಅಣ್ಣ ವೆಂಕಟಾಚಲಂ ಅದನ್ನು ಇನ್ನೂ ಕ್ಷಮಿಸಿರಲಿಲ್ಲ. "ಕಾಪಿ ಬೇಡ ಅನ್ನೋ ದೇವರು ನಮ್ಮ ಸೂಲೂರು ಕಡೆ ಬಂದೇ ಇಲ್ಲ, ಮಾಪ್ಳೆ" ಎಂದು ತಂಗಿಯ ಗಂಡನ ಮುಂದೆ ಲೋಟ ಎತ್ತಿ ಎತ್ತಿ ಹೇಳುತ್ತಿದ್ದ. ಅಂಥವನು ಒಂದು ಸಲ ಸಭೆಗೆ ಬಂದು ನೋಡಲು ಒಪ್ಪಿದ್ದ! ಮೋಹನ್‌ರಾಜನ ಕಾಲು ನೆಲದ ಮೇಲಿರಲಿಲ್ಲ.

ಆ ವರ್ಷ ಕ್ರಿಸ್ಮಸ್ ಭಾನುವಾರವೇ ಬಿದ್ದಿತ್ತು. ಪ್ರತಿ ಭಾನುವಾರ ಒಂಬತ್ತಕ್ಕೆ ಆರಾಧನೆ, ಹತ್ತಕ್ಕೆ ಪಾಠ. ಈ ಸಲದ ಪಾಠ ಸಾಕ್ಷಾತ್ ಮೋಹನ್‌ರಾಜನದು! ನಲವತ್ತು ಪುಟ ಬರೆದ. ಕನ್ನಡಿಯೇ ನಾಚುವಂತೆ ಕೈ ಬೀಸಿ ಅಭ್ಯಾಸ ಮಾಡಿದ.

"ಏನ್ರೀ, ಆವತ್ತು ಪಾಠ..." ಎಂದಳು ಗೋಮತಿ.

"ಸಭೆ ವಿಷಯ ನನಗೇ ಹೇಳ್ಕೊಡ್ತೀಯಾ? ಸುಮ್ನಿರು!"

ಅವಳು ನಿಜವಾಗಿಯೂ ಸುಮ್ಮನಾದಳು. ಹದಿನಾರು ವರ್ಷ ಇವನೊಡನೆ ಸಂಸಾರ ಮಾಡಿದವಳಿಗೆ ಯಾವಾಗ ಸುಮ್ಮನಿರಬೇಕು ಎಂಬುದು ಚೆನ್ನಾಗಿ ಗೊತ್ತಿತ್ತು.

"ಹಾಡು, ಪ್ರಾರ್ಥನೆ ಯಾರು ಬೇಕಾದ್ರೂ ಮಾಡ್ತಾರೆ. ನಿಮ್ಮಣ್ಣನ್ನ ನೇರ ನನ್ನ ಪಾಠಕ್ಕೇ ಕರ್ಕೊಂಡ್ಬರ್ತೀನಿ" ಎಂದು ಹಬ್ಬದ ಬೆಳಿಗ್ಗೆ ಅವಳನ್ನು ಆಟೋ ಹತ್ತಿಸಿ, ತಾನು ಸೂಲೂರಿಗೆ ಹೊರಟ.

ಹತ್ತಕ್ಕೆ ಸರಿಯಾಗಿ, ಹೊಸ ಪಂಚೆಯ ಭಾವನೊಡನೆ ಬಂದಿಳಿದರೆ ಏನಿದೆ? ಸಭೆಯ ಮುಖ್ಯಸ್ಥ ದೀನದಯಾಳನ್ ಬಾಗಿಲಿಗೆ ಬೀಗ ಹಾಕುತ್ತಿದ್ದಾನೆ! ಗೋಮತಿ ಮೆಟ್ಟಿಲ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದಾಳೆ.

"ಬ್ರದರ್! ನನ್ನ ಪಾಠ?"

"ಕ್ರಿಸ್ಮಸ್ ಭಾನುವಾರ ಬಿದ್ರೆ ಆರಾಧನೆ ಒಂದೇ, ಬ್ರದರ್. ಮಿಕ್ಕ ಹೊತ್ತು ಎಲ್ರೂ ಮನೆಯವರ ಜೊತೆ ಇರ್ಲಿ ಅಂತ. ಮೂರು ವಾರ ಮೈಕಲ್ಲಿ ಹೇಳಾಯ್ತಲ್ಲ!"

ಭಾವನ ಮುಂದೆ ಮಾನ ಹರಾಜು! ಮೋಹನ್‌ರಾಜ್ ಕೆರಳಿದ. "ಯಾವನು ಹೇಳಿದ್ದು? ಬಾಯಲ್ಲಿ ಬೋಂಡಾ ಇಟ್ಕೊಂಡು ಗೊಣಗಿರ್ತಾನೆ! ನಾಲ್ಕು ಜನಕ್ಕೆ ತಿಳಿಯೋ ಹಂಗೆ ಓದೋಕೆ ಬರದ ದಡ್ಡನ್ನ ಮೈಕಿನ ಮುಂದೆ ಯಾಕೆ ನಿಲ್ಲಿಸ್ತೀರಿ?"

ದೀನದಯಾಳನ್ ಬೀಗವನ್ನು ಎರಡೆರಡು ಸಲ ಎಳೆದು ನೋಡಿದ.

"ಈಗ ನಾನು ಮಾತಾಡ್ಬಹುದಾ?" ಎಂದಳು ಗೋಮತಿ. "ಸಭೇಲಿ ಪ್ರಕಟಣೆ ಓದೋರು ನೀವೇ ಅಲ್ವೇನ್ರೀ? ಮೂರು ವಾರವೂ ಗಂಟಲು ಸರಿಮಾಡ್ಕೊಂಡು, ಬೀದಿಗೆಲ್ಲ ಕೇಳೋ ಹಂಗೆ ಓದಿದ್ರಲ್ಲ!"

ವೆಂಕಟಾಚಲಂ ನಕ್ಕೂ ನಕ್ಕೂ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡ.

"ಇನ್ಮೇಲೆ ಪ್ರತಿ ವಾರ ಬರ್ತೀನಿ, ಮಾಪ್ಳೆ. ನೀವು ಓದಿದ್ದನ್ನ ಆಮೇಲೆ ನಿಮಗೆ ಯಾರಾದ್ರೂ ಹೇಳ್ಬೇಕಲ್ಲ!"