ಕಡಲಸೌತೆಯ ಬಾಡಿಗೆದಾರರು

ನಮ್ಮ ಮನೆಯಲ್ಲಿ ಸಿಟ್ಟು ಎಲ್ಲರಿಗೂ ಬರುತ್ತಿತ್ತು. ಆದರೆ ಅದನ್ನು ಸರಿಯಾಗಿ ಮಾಡಲು ಬರುತ್ತಿದ್ದದ್ದು ನನ್ನ ಅತ್ತೆಗೆ ಮಾತ್ರ! ಅತ್ತೆ ಎಂದರೆ ಅಪ್ಪನ ತಂಗಿ. ಮದ್ರಾಸಿನ ತಿರುವಲ್ಲಿಕ್ಕೇಣಿಯಲ್ಲಿ ಅಪ್ಪನ ಸಸ್ಯಾಹಾರಿ ಹೋಟೆಲು. ಮಾಳಿಗೆಯಲ್ಲಿ ನಾವು, ಪಕ್ಕದ ಕೋಣೆಯಲ್ಲಿ ಅತ್ತೆ, ಅವಳ ಜೊತೆ ಸ್ಪಿರಿಟ್ ಸೀಸೆಗಳಲ್ಲಿ ಆಳಸಮುದ್ರದ ಕಡಲಸೌತೆಗಳು ಎಂಬ ಸೌತೆಕಾಯಿ ಆಕಾರದ ಪ್ರಾಣಿಗಳು. ಅವುಗಳ ಮೈಗಂಟಿ ಬದುಕುವ, ಎಳ್ಳಿಗಿಂತ ಚಿಕ್ಕ, ಸಿಗಡಿಯ ದೂರದ ನೆಂಟರಂಥ ಜೀವಿಗಳನ್ನು ವಿಂಗಡಿಸುವುದು ಅವಳ ಸಂಶೋಧನೆ. ಯಾವುದು ಯಾವ ಸೌತೆಯ ಮೇಲೆ ವಾಸ ಎನ್ನುವುದೇ ಅದರ ಜೀವಾಳ.

ಅಪ್ಪನಿಗೋ ಗಿರಾಕಿಗಳ ಭಯ. ತಂಗಿ ಒಂದು ಬಗೆಯ ಸೌತೆಕಾಯಿಯ ಬಗ್ಗೆ ಓದುತ್ತಿದ್ದಾಳೆಂದು ಊರಿಗೆಲ್ಲ ಹೇಳಿಬಿಟ್ಟಿದ್ದ. ಹಳೆಯ ಗಿರಾಕಿಯೊಬ್ಬ, ಅದರ ಹುಳಿ ಚೆನ್ನಾಗಿರುತ್ತದೆಯೇ ಎಂದು ಅತ್ತೆಯನ್ನೇ ಕೇಳಬೇಕೇ? ಅವಳು ಮೇಜುಗಳ ನಡುವೆ ನಿಂತು, ಅದು ತರಕಾರಿಯಲ್ಲ, ಪ್ರಾಣಿ, ಉಸಿರಾಡುವುದು ಹಿಂಬಾಗಿಲಿನಿಂದ ಎಂದು ಪಾಠ ಮಾಡಿದಳು. ಆವತ್ತು ಉಳಿದಷ್ಟು ಇಡ್ಲಿ ಮತ್ತೆಂದೂ ಉಳಿಯಲಿಲ್ಲ. ಸೀಸೆಗಳನ್ನು ಬೇರೆ ಕಡೆ ಸಾಗಿಸು ಎಂದು ಅಪ್ಪ ಗೋಗರೆದ.

"ನಾನೇನೂ ಬೇಯಿಸಿಲ್ಲ. ನಿನ್ನ ಹೋಟೆಲು ಇನ್ನೂ ಸಸ್ಯಾಹಾರಿಯೇ," ಎಂದಳು.

ಅವಳ ನಿಜವಾದ ಸಿಟ್ಟು ಕಂಡದ್ದು ಅರವತ್ತರ ದಶಕದಲ್ಲಿ. ಅವಳು ವರ್ಷಗಟ್ಟಲೆ ಕಾದಿದ್ದ ಕಡಲಸೌತೆಗಳನ್ನು ಒಂದು ಹಡಗು ತಂದಿತ್ತು. ಅವಳು ಕೆಲಸಕ್ಕಿದ್ದ ಪ್ರಾಣಿಶಾಸ್ತ್ರ ವಿಭಾಗದ ಮುಖ್ಯಸ್ಥರು ಬಲು ಅಚ್ಚುಕಟ್ಟು. ಅತ್ತೆ ಜ್ವರದಲ್ಲಿ ಮಲಗಿದ್ದಾಗ ಸೌತೆಗಳನ್ನೆಲ್ಲ ತೊಳೆಸಿ, ಉದುರಿದ ಜೀವಿಗಳನ್ನು ಒಂದೇ ಜಾಡಿಗೆ ತುಂಬಿಸಿಬಿಟ್ಟಿದ್ದರು! ಈಗಲೂ ನೆನೆದರೆ ನನ್ನ ಮೈ ಉರಿಯುತ್ತದೆ. ಜ್ವರ ಬಿಟ್ಟ ದಿನ ಅವಳ ಜೊತೆ ಹೋದವಳು ನಾನೇ.

"ಜೀವಿಗೆ ಹೆಸರಿಡೋದಕ್ಕೆ ಅದರ ವಿಳಾಸ ಯಾಕಮ್ಮಾ?" ಎಂದರು ಮುಖ್ಯಸ್ಥರು.

ಅತ್ತೆ ಅವರ ಮೇಜಿನ ಕಡತಗಳ ದಾರ ಬಿಚ್ಚಿ, ಹಾಳೆಗಳನ್ನೆಲ್ಲ ನೆಲಕ್ಕೆ ಸುರಿದು, ಎರಡೂ ಕೈಯಲ್ಲಿ ಅವಲಕ್ಕಿ ಕಲಸುವ ಹಾಗೆ ಕಲಸಿದಳು.

"ಈಗ ವಿಂಗಡಿಸಿ, ಸಾರ್."

ವಿಭಾಗದ ನೌಕರಿ ಅವಳ ಕೈತಪ್ಪಿತು. ಮುಂದೆ ಕೆಲವು ದಿನ ನಮ್ಮ ಮನೆಯ ಪಾತ್ರೆಗಳೂ ಅವಳಿಗೆ ಹೆದರಿ ಮೆಲ್ಲಗೆ ಸದ್ದು ಮಾಡಿದವು.

ಒಂದು ಮಧ್ಯಾಹ್ನ, ಹೋಟೆಲು ಖಾಲಿಯಿದ್ದಾಗ, ಅಪ್ಪ ಅವಳ ಕೋಣೆಗೆ ಬಂದು ಕೂತ. ಪಂಚೆಗೆ ಕೈ ಒರೆಸಿಕೊಂಡು ಎಳ್ಳಿಗಿಂತ ಚಿಕ್ಕ ಆ ಜೀವಿಗಳಿದ್ದ ಒಂದು ಪುಟ್ಟ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದ.

"ಇದರ ಕಣ್ಣು ಎಲ್ಲಿ ಉಂಟು?"

"ಇಲ್ಲ. ಅಷ್ಟು ಆಳದಲ್ಲಿ ಬೆಳಕೇ ಇಲ್ಲ."

ಅಪ್ಪ ಸೀಸೆಯನ್ನು ಕಣ್ಣಿಗೆ ಇನ್ನಷ್ಟು ಹತ್ತಿರ ತಂದ. "ಮತ್ತೆ ಇವು ಆ ಸೌತೆಯನ್ನು ಹುಡುಕುವುದು ಹೇಗೆ ಮಾರಾಯ್ತಿ?"

ಅಷ್ಟು ವರ್ಷಗಳಲ್ಲಿ ಅವಳನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಬೈಯಲೆಂಬಂತೆ ಅತ್ತೆ ಬಾಯಿ ತೆರೆದವಳು ಅಣ್ಣನ ಭುಜಕ್ಕೆ ಹಣೆಯೊತ್ತಿ ಅತ್ತುಬಿಟ್ಟಳು. ಅಪ್ಪ ಸೀಸೆಯನ್ನು ಅಲುಗದಂತೆ ಹಿಡಿದುಕೊಂಡೇ ಕೂತಿದ್ದ.