ನನ್ನ ಗುಟ್ಟು ರಟ್ಟು ಮಾಡಿದ ಏರ್‌ಬ್ಯಾಗ್ ದೀಪದವರಿಗೆ

ಮಾನ್ಯ ಏರ್‌ಬ್ಯಾಗ್ ಎಚ್ಚರಿಕೆ ದೀಪದವರ ಸನ್ನಿಧಾನಕ್ಕೆ,

ಸ್ಟೀರಿಂಗಿನ ಹಿಂದೆ, ವೇಗದ ಮುಳ್ಳಿಗೂ ಪೆಟ್ರೋಲಿನ ಮುಳ್ಳಿಗೂ ನಡುವೆ ಗಾಜಿನ ಮನೆ ಮಾಡಿಕೊಂಡು ತಣ್ಣಗೆ ವಾಸವಾಗಿರುವ ತಮಗೆ, ಅದೇ ಕಾರಿನ ಅರ್ಧ ಒಡತಿಯೂ ವೃತ್ತಿಯಿಂದ ದರ್ಜಿಯೂ ಆದ ನಾನು ಮಾಡುವ ನಮಸ್ಕಾರಗಳು. ತಾವು ಆರಿರುವುದೇ ತಮ್ಮ ಕ್ಷೇಮದ ಲಕ್ಷಣವೆಂದು ಕಾರಿನ ಕೈಪಿಡಿಯಿಂದ ತಿಳಿದುಕೊಂಡಿದ್ದೇನೆ. ಸದ್ಯ ತಾವು ಕ್ಷೇಮ. ಆದರೂ ಈಚೆಗೆ ತಾವು ಉರಿದ ರೀತಿಯ ಬಗ್ಗೆ ನಾಲ್ಕು ಮಾತು ಹೇಳದೆ ಹೋದರೆ ನನಗೆ ತಿಂದದ್ದು ಅರಗುವುದಿಲ್ಲ. ತಮ್ಮ ವಿಳಾಸಕ್ಕೆ ಅಂಚೆಯವರು ಬರುವುದಿಲ್ಲವಾದ್ದರಿಂದ ಪತ್ರವನ್ನು ನಾಲ್ಕು ಜನ ಓದುವಂತೆ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ, ಮನ್ನಿಸಬೇಕು.

ಮೊದಲಿಗೆ ತಮ್ಮ ರೂಪದ ವಿಚಾರ. ಕುಳಿತಿರುವ ಒಬ್ಬ ಮನುಷ್ಯ, ಅವನ ಹೊಟ್ಟೆಯ ಮುಂದೆ ಒಂದು ದೊಡ್ಡ ಚೆಂಡು. ತಮ್ಮನ್ನು ಚಿತ್ರಿಸಿದ ಕಲಾವಿದರು ಅದನ್ನು ಉಬ್ಬಿದ ಏರ್‌ಬ್ಯಾಗ್ ಎಂದು ತಿಳಿದೇ ಬರೆದಿದ್ದಾರು. ಆದರೆ ತಾವು ಮೊದಲ ಸಲ ಬೆಳಗಿದ ಆ ಶನಿವಾರ, ಕಣ್ಣಿನ ಡಾಕ್ಟರ ಬಳಿಗೆಂದು ಮುಂದಿನ ಸೀಟಿನಲ್ಲಿ ಕುಳಿತು ಹೊರಟಿದ್ದ ನಮ್ಮ ಅತ್ತೆಯವರು ತಮ್ಮನ್ನು ದಿಟ್ಟಿಸಿ ನೋಡಿ, ಕಾರು ಓಡಿಸುತ್ತಿದ್ದ ಮಗನಿಗೆ, "ಇದೇನೋ ಇದು, ತುಂಬಿದ ಬಸುರಿ ಕೂತಿರೋ ಹಾಗಿದೆಯಲ್ಲೋ!" ಎಂದವರೇ ಹಿಂದೆ ತಿರುಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮಗಳ ಕಾಲೇಜು ಮುಗಿಯುತ್ತ ಬಂದಿರುವ ಈ ವಯಸ್ಸಿನಲ್ಲಿ ಅಂಥ ನೋಟಕ್ಕೆ ಏನು ಉತ್ತರ ಕೊಡಬೇಕೆಂದು ತಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸುವುದು. ಅತ್ತೆಯವರ ದೃಷ್ಟಿಯಲ್ಲಿ ಏನೂ ದೋಷವಿಲ್ಲವೆಂದು ಡಾಕ್ಟರು ಹೇಳಿಬಿಟ್ಟ ಮೇಲಂತೂ ನನ್ನ ಪಕ್ಷ ಇನ್ನಷ್ಟು ಸೊರಗಿತು.

ಅದನ್ನೂ ನುಂಗಿಕೊಳ್ಳುತ್ತಿದ್ದೆ. ನನ್ನ ನಿಜವಾದ ದೂರು ಬೇರೆ ಇದೆ, ಅದಕ್ಕೆ ಗೇಟಿನ ಕಥೆಯಿಂದಲೇ ಶುರು ಮಾಡಬೇಕು.

ಎಷ್ಟೋ ವರ್ಷದ ಹಿಂದೆ ನಮ್ಮ ಯಜಮಾನರು ನನಗೆ ಕಾರು ಕಲಿಸಲು ಹೊರಟಾಗ, ನಮ್ಮ ಮನೆಯ ಗೇಟಿಗೆ ಕಾರಿನ ಮೂತಿ ಒಂದಿಷ್ಟು ತಾಗಿದ್ದು ನಿಜ. ಗೇಟಿಗೆ ಬಿದ್ದ ತಗ್ಗು ಸಾರಿನ ಸೌಟಿನಷ್ಟು. ಆದರೆ ಮನೆಗೆ ಯಾರೇ ಬರಲಿ, ಕಾಫಿ ಲೋಟ ಕೈಗೆ ಬರುವ ಮುಂಚೆ ಯಜಮಾನರು ಆ ಕಥೆಯನ್ನು ಬಡಿಸುತ್ತಾರೆ; ಒಂದೊಂದು ಸಲಕ್ಕೂ ಕಾರಿನ ವೇಗ ಏರುತ್ತದೆ, ಗೇಟು ಎತ್ತರವಾಗುತ್ತದೆ, ಈಚೆಗಿನ ಆವೃತ್ತಿಯಲ್ಲಿ ಪಕ್ಕದ ಮನೆಯ ನಾಯಿಯೂ ಬಂದು ಸೇರಿಕೊಂಡಿದೆ. ಕೊನೆಗೆ, "ಗೇಟೇ ಎದುರಿಗೆ ಬಂತು ಅಂತಾಳ್ರೀ ನಮ್ಮವಳು!" ಎಂದು ನಾನು ಈ ಜನ್ಮದಲ್ಲಿ ಆಡದ ಮಾತೊಂದನ್ನು ನನ್ನ ಬಾಯಿಗೆ ತುರುಕಿ, ತಾವೇ ಮೊದಲು ನಗುತ್ತಾರೆ. ಅಂದಿನಿಂದ ನಾನು ಸ್ಟೀರಿಂಗ್ ಮುಟ್ಟಿರಲಿಲ್ಲ. ಹೊರಗೆ ನಗುತ್ತಿದ್ದೆ, ಒಳಗೆ ಕುದಿಯುತ್ತಿದ್ದೆ ಎಂಬುದನ್ನು ತಮ್ಮಂಥ ಬಿಸಿ ಸ್ವಭಾವದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ಈ ವರ್ಷ ಗುಟ್ಟಾಗಿ ಕಲಿತು, ಲೈಸೆನ್ಸ್ ಕೈಗೆ ಬಂದ ದಿನ ಯಜಮಾನರ ಆಫೀಸಿನ ಬಾಗಿಲಲ್ಲೇ ಕಾರು ನಿಲ್ಲಿಸಿ ಹಾರ್ನ್ ಹೊಡೆಯಬೇಕೆಂದು ನಿರ್ಧರಿಸಿದೆ. ನನಗೆ ಗುರುವಾಗಿ ಸಿಕ್ಕವಳು ಆಂಬುಲೆನ್ಸ್ ಓಡಿಸುವ ನನ್ನ ನಾದಿನಿ. ಯಜಮಾನರು ಆಫೀಸ್ ಬಸ್ಸಿನಲ್ಲಿ ಹೋದ ಮೇಲೆ ಅವಳು ಬಂದು ಪಕ್ಕದಲ್ಲಿ ಕೂರುತ್ತಿದ್ದಳು. "ಅತ್ತಿಗೆ, ಸೈರನ್ ಇಲ್ಲ ಅಂತ ಮರೀಬೇಡಿ, ಯಾರೂ ದಾರಿ ಬಿಡಲ್ಲ" ಎಂಬುದು ಅವಳ ಮೊದಲ ಪಾಠ.

ಇದ್ದ ತೊಡಕು ಒಂದೇ, ಸೀಟು. ಯಜಮಾನರು ಬಾಗಿಲ ಚೌಕಟ್ಟಿಗೆ ತಲೆ ತಾಗಿಸಿಕೊಳ್ಳುವಷ್ಟು ಉದ್ದ, ನಾನು ಉಪ್ಪಿನ ಡಬ್ಬಿಗೂ ಸ್ಟೂಲು ಹಾಕಿಕೊಳ್ಳುವವಳು. ಅವರ ಜಾಗದಲ್ಲಿ ಕುಳಿತರೆ ನನ್ನ ಕಾಲಿಗೆ ಬ್ರೇಕು ಸಿಗುವುದಿಲ್ಲ. ನನ್ನ ಜಾಗಕ್ಕೆ ಎಳೆದುಕೊಂಡ ಸೀಟನ್ನು ಮತ್ತೆ ಹಿಂದಿದ್ದಲ್ಲಿಗೇ ತಳ್ಳದಿದ್ದರೆ, ಸೀಟು ಜಾರುವ ಕಂಬಿಯ ಒಂದು ಹಲ್ಲಿನಷ್ಟು ಆಚೀಚೆಯಾದರೂ ಅವರ ಮಂಡಿಗೆ ತಿಳಿದುಹೋಗುತ್ತದೆ. ನಾನು ದರ್ಜಿ, ಕಣ್ಣಂದಾಜಿನ ಮೇಲೆ ಬಟ್ಟೆ ಕತ್ತರಿಸಿದವಳೇ ಅಲ್ಲ. ಟೇಪು ಹಿಡಿದು ಅಳೆದು, ಸೀಟಿನ ಕೆಳಗಿನ ಕಂಬಿಯ ಮೇಲೆ ಹೊಲಿಗೆಯ ಚಾಕಿನಿಂದ ಯಜಮಾನರಿಗೊಂದು ನೀಲಿ ಗೆರೆ, ನನಗೊಂದು ಬಿಳಿ ಗೆರೆ ಎಳೆದುಕೊಂಡೆ. ದಿನವೂ ಬಿಳಿಗೆ ಎಳೆಯುವುದು, ದಿನವೂ ನೀಲಿಗೆ ತಳ್ಳುವುದು. ಅತ್ತೆಯವರಿಗಾಗಲಿ ಯಜಮಾನರಿಗಾಗಲಿ ಸುಳಿವೇ ಹತ್ತಲಿಲ್ಲ.

ಹತ್ತಿದ್ದು ತಮಗೆ. ನನ್ನ ಪರೀಕ್ಷೆ ಗುರುವಾರ ಎಂದು ಗೊತ್ತಾದ ಮೇಲೆ, ಅದರ ಹಿಂದಿನ ಶನಿವಾರವನ್ನೇ ಆರಿಸಿಕೊಂಡು, ನಾನು ಓಡಿಸುವಾಗ ಒಂದು ದಿನವೂ ಮಿಣುಕದ ತಾವು ಯಜಮಾನರ ಕೈಯಲ್ಲಿ ಕಾರಿದ್ದಾಗ ಕೆಂಪಗೆ ಕಣ್ಣು ಬಿಟ್ಟಿರಿ. ಎಂಥ ಸಮಯಪ್ರಜ್ಞೆ, ಎಂಥ ಸ್ವಾಮಿನಿಷ್ಠೆ! ಯಜಮಾನರು ಕಾರು ಬದಿಗೆ ನಿಲ್ಲಿಸಿ ಕೈಪಿಡಿ ತೆಗೆದು ಗಟ್ಟಿಯಾಗಿ ಓದಿದರು. ಈ ದೀಪ ಉರಿಯುತ್ತಿದ್ದರೆ ಏರ್‌ಬ್ಯಾಗ್ ಬೇಕಾದಾಗ ಬಿಚ್ಚಿಕೊಳ್ಳದೇ ಇರಬಹುದು, ಬೇಡವಾದಾಗ ಬಿಚ್ಚಿಕೊಳ್ಳಲೂಬಹುದು ಎಂದಿತ್ತು. ಅಲ್ಲಿಂದ ಕಣ್ಣಿನ ಡಾಕ್ಟರ ಬಳಿಗೂ, ಮರಳಿ ಮನೆಯವರೆಗೂ ಅವರು ಸ್ಟೀರಿಂಗನ್ನು ಬೆರಳ ತುದಿಯಲ್ಲಿ ಹಿಡಿದು, ಮೂಗನ್ನು ಆದಷ್ಟೂ ಹಿಂದಕ್ಕಿಟ್ಟುಕೊಂಡು ಓಡಿಸಿದರು. ಆ ಒಂದು ದೃಶ್ಯಕ್ಕಾಗಿ ತಮಗೆ ನನ್ನ ಪ್ರತ್ಯೇಕ ಧನ್ಯವಾದಗಳು.

ಸೋಮವಾರ ರಜೆ ಹಾಕಿ, ನನ್ನನ್ನೂ ಜೊತೆಗೆ ಕರೆದುಕೊಂಡು, ಬಡಾವಣೆಯವರೆಲ್ಲ ಡಾಕ್ಟರೆಂದೇ ಕರೆಯುವ ಮೆಕ್ಯಾನಿಕ್ಕಿನ ಗ್ಯಾರೇಜಿಗೆ ಹೋದರು. ಡಾಕ್ಟರು ಸ್ಟೀರಿಂಗಿನ ಕೆಳಗೆ ಒಂದು ಯಂತ್ರ ಚುಚ್ಚಿ ತಮ್ಮ ತಕರಾರನ್ನು ಓದಿದರು, ಅಳಿಸಿದರು, ಜಯಿಸಿದವರಂತೆ ನಮ್ಮನ್ನು ಕಳಿಸಿಕೊಟ್ಟರು. ರಸ್ತೆಯ ತಿರುವು ಮುಟ್ಟುವಷ್ಟರಲ್ಲಿ ತಾವು ಮತ್ತೆ ಹಾಜರ್. ಎರಡನೆಯ ಸಲ ಅವರ ಗುಮಾನಿ ಸ್ಟೀರಿಂಗಿನೊಳಗಿನ ತಂತಿಯ ಸುರುಳಿಯ ಮೇಲೆ ಹೋಯಿತು, ಅದು ನಿರಪರಾಧಿ. ಕೊನೆಗೆ ಅವರು ತಲೆ ಕೆರೆದುಕೊಂಡು, ಡ್ರೈವರ್ ಸೀಟನ್ನು ಯಾರಾದರೂ ಹಿಂದೆ ಮುಂದೆ ಮಾಡುತ್ತಿರುತ್ತೀರಾ ಎಂದು ಕೇಳಿದರು. "ತಗೊಂಡ ದಿನದಿಂದ ಒಂದು ಹಲ್ಲೂ ಅಲುಗಾಡಿಲ್ಲ" ಎಂದು ಯಜಮಾನರು ಎದೆಯುಬ್ಬಿಸಿ ಸಾಕ್ಷಿ ನುಡಿದರು. ನಾನು ಗೋಡೆಗೆ ನೇತುಹಾಕಿದ್ದ ಟೈರುಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

ಡಾಕ್ಟರು ಟಾರ್ಚು ಹಿಡಿದು ಸೀಟಿನ ಕೆಳಗೆ ತಲೆ ತೂರಿಸಿದರು. ಎಳೆದೂ ತಳ್ಳಿಯೂ ಸಡಿಲಾದ, ಏರ್‌ಬ್ಯಾಗ್ ತಂತಿಯ ಹಳದಿ ಪ್ಲಗ್ಗೊಂದು ಅಲ್ಲಿ ಸಿಕ್ಕಿತು. ಅದರ ಪಕ್ಕದಲ್ಲೇ ನನ್ನ ಎರಡು ಗೆರೆಗಳೂ, ಸಾಲದ್ದಕ್ಕೆ ಒಂದು ಗುಂಡುಸೂಜಿಯೂ ಸಿಕ್ಕವು. ಗೆರೆ ಕಂಪನಿಯವರು ಹಾಕಿದ ಗುರುತಿರಬಹುದು ಎಂದು ಯಜಮಾನರು. "ಕಂಪನಿಯವ್ರು ಟೈಲರ್ ಚಾಕಲ್ಲಿ ಗೆರೆ ಎಳೀತಾರಾ ಸಾರ್?" ಎಂದು ಡಾಕ್ಟರು. ಯಜಮಾನರು ಬಗ್ಗಿ ನೋಡಿದರು. ಆಮೇಲೆ ತಿರುಗಿ, ಆ ಬೆಳಿಗ್ಗೆಯಷ್ಟೇ ರವಿಕೆಗೆ ಗುರುತು ಹಾಕಿ ಬಂದಿದ್ದ ನನ್ನ ನೀಲಿ ಬೆರಳುಗಳನ್ನು ನೋಡಿದರು. ನಾನು ಬೆರಳು ಮಡಚಿಕೊಂಡೆ. ಅವರು ಪ್ಲಗ್ ಬಿಗಿಯಾಗಿ ಹಾಕಿ ಎಂದಷ್ಟೇ ಡಾಕ್ಟರಿಗೆ ಹೇಳಿ ಸುಮ್ಮನಾದರು. ಮನೆಗೆ ಬಂದ ಮೇಲೂ ಸುಮ್ಮನೆಯೇ ಇದ್ದರು, ಊಟಕ್ಕೆ ಕೂತಾಗಲೂ ಸುಮ್ಮನೆಯೇ. ಕಥೆ ಹೇಳುವ ಬಾಯಿ ಹಾಗೆ ಮುಚ್ಚಿಕೊಂಡರೆ ಅದಕ್ಕಿಂತ ಭಯ ಬೇರೆ ಇಲ್ಲ.

ಮಾನ್ಯರೇ, ಇಷ್ಟಕ್ಕೆಲ್ಲ ತಾವೇ ಹೊಣೆ ಎಂದು ಇನ್ನೊಮ್ಮೆ ನೆನಪಿಸಲು ಇಚ್ಛಿಸುತ್ತೇನೆ. ತಮ್ಮಲ್ಲಿ ನನ್ನ ಕೋರಿಕೆಗಳೂ ದೊಡ್ಡವೇನಲ್ಲ. ಮುಂದೆ ಹೆಂಗಸರ ಗುಟ್ಟಿಗೆ ಸಂಬಂಧಪಟ್ಟ ದೋಷವೇನಾದರೂ ಕಂಡುಬಂದರೆ, ತಾವು ಮೊದಲು ಆ ಹೆಂಗಸಿಗೆ ಮಾತ್ರ ಕಾಣುವಂತೆ ಉರಿಯತಕ್ಕದ್ದು. ತಮ್ಮ ಬಳಗದಲ್ಲಿ ಎಣ್ಣೆಗೊಬ್ಬರು, ಬ್ಯಾಟರಿಗೊಬ್ಬರು, ಟೈರಿನ ಗಾಳಿಗೊಬ್ಬರು ಇದ್ದಾರಷ್ಟೆ. ಹಳೇ ಕಥೆಯನ್ನು ಮತ್ತೆ ಹೇಳುವವರ ಹಣೆಯ ಮೇಲೆ ಉರಿಯಲು ಒಬ್ಬರನ್ನು ಹೊಸದಾಗಿ ನೇಮಿಸಿಕೊಳ್ಳಬೇಕಾಗಿ ಪ್ರಾರ್ಥನೆ. ಅವರಿಗೆ ನಮ್ಮ ಮನೆಯಲ್ಲಿ ಬಿಡುವೇ ಇರುವುದಿಲ್ಲ.

ಇನ್ನೊಂದು ಸಂಗತಿ ಹೇಳಲೇಬೇಕು. ಮಂಗಳವಾರ ಬೆಳಿಗ್ಗೆ ಯಜಮಾನರು ಬಸ್ಸಿಗೆ ಹೋದ ಮೇಲೆ, ಇನ್ನು ಮುಚ್ಚಿಟ್ಟು ಏನು ಪ್ರಯೋಜನ ಎಂದುಕೊಂಡು ನಾದಿನಿಯನ್ನು ಕರೆದು ಕಾರಿನ ಬಾಗಿಲು ತೆಗೆದೆ. ಸೀಟು ಆಗಲೇ ಬಿಳಿ ಗೆರೆಯ ಮೇಲೆ ಬಂದು ನಿಂತಿತ್ತು. ಒಂದು ಹಲ್ಲೂ ಆಚೀಚೆ ಇಲ್ಲ. ಕುಳಿತು ಸ್ಟೀರಿಂಗ್ ಹಿಡಿದೆ. ನನಗೆ ಖುಷಿಯೂ ಆಯಿತು, ಆಫೀಸಿನ ಬಾಗಿಲಲ್ಲಿ ಅವರನ್ನು ಬೆಚ್ಚಿಬೀಳಿಸುವ ಸುಖ ಕೈತಪ್ಪಿತಲ್ಲ ಎಂದು ಹೊಟ್ಟೆಯೂ ಉರಿಯಿತು, ಕಣ್ಣೂ ಒಂದಿಷ್ಟು ಒದ್ದೆಯಾಯಿತು. ನಾದಿನಿ ಕನ್ನಡಿ ಸರಿಮಾಡುವ ನೆಪದಲ್ಲಿ ಆ ಕಡೆ ತಿರುಗಿದಳು. ಗುರುವಾರ ನಾನು ಪಾಸಾದೆ. ತಾವು ಪೂರ್ತಿ ಆರಿಯೇ ಇದ್ದಿರಿ, ಅದಕ್ಕೂ ಒಂದು ನಮಸ್ಕಾರ.

ಇಂತಿ, ತಾವು ಆರಿರುವಷ್ಟು ಕಾಲವೂ
ತಮ್ಮ ವಿಶ್ವಾಸಿ,
ಬಿಳಿ ಗೆರೆಯವಳು

ತಾ.ಕ.: ಪಾಸಾದ ದಿನದಿಂದ ಯಜಮಾನರು ಸೀಟನ್ನು ಬಿಳಿ ಗೆರೆಯಲ್ಲೇ ಬಿಡುವ ಅಭ್ಯಾಸ ಮಾಡಿಕೊಂಡಿದ್ದಾರೆ. ನಿನ್ನೆ ಅವಸರದಲ್ಲಿ ಅದನ್ನು ಹಿಂದಕ್ಕೆ ತಳ್ಳುವುದು ಮರೆತು, ಮಂಡಿಯನ್ನು ಸ್ಟೀರಿಂಗಿಗೆ ಸಿಕ್ಕಿಸಿಕೊಂಡೇ ಕಾರನ್ನು ಹಿಂದಕ್ಕೆ ತೆಗೆದರು. ಗೇಟಿಗೆ ಈಗ ಎರಡನೆಯ ತಗ್ಗು ಬಿದ್ದಿದೆ, ಇದು ಸೌಟಲ್ಲ, ಪಾತ್ರೆ. ಕೂಗಿಕೊಳ್ಳಬೇಕಾಗಿದ್ದ ತಮ್ಮ ಸಹೋದ್ಯೋಗಿ ಹಿಂಬದಿಯ ಸೆನ್ಸರಿನವರು ತುಟಿ ಬಿಚ್ಚಲಿಲ್ಲ. ಯಜಮಾನರು ಇಳಿದು ಬಂದು, "ಗೇಟೇ ಎದುರಿಗೆ ಬಂದ ಹಾಗಾಯ್ತು ಕಣೇ" ಎಂದರು. ಇದನ್ನು ಯಾರಿಗೂ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ನಾನು ಯಾರಿಗೂ ಹೇಳಿಲ್ಲ. ತಮಗೆ ಬರೆದಿದ್ದೇನೆ, ಅಷ್ಟೆ. ಪತ್ರ ಬಹಿರಂಗವಾಗಿದ್ದರೆ ಅದು ನನ್ನ ತಪ್ಪೇ?