ದೊಡ್ಡವ್ವನ ಮೂಗು, ದೊಡ್ಡಪ್ಪನ ಬೀಡಿ

ನಮ್ಮ ದೊಡ್ಡವ್ವ ಗಂಡನನ್ನು ಬಿಟ್ಟು ಎಮ್ಮೆಯ ಜೊತೆ ಇದ್ದವಳು. ಎಪ್ಪತ್ತರ ದಶಕದಲ್ಲಿ ಹಿರೇಬೆಂಡಿಗೇರಿಯ ಯಾರನ್ನು ಕೇಳಿದ್ದರೂ ಹೀಗೇ ಹೇಳುತ್ತಿದ್ದರು. ಅದು ಸುಳ್ಳೂ ಆಗಿರಲಿಲ್ಲ. ಆದರೆ ಯಾಕೆ ಬಿಟ್ಟಳು ಎಂಬುದನ್ನು ಮಾತ್ರ ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೇಳುತ್ತಿದ್ದರು. ಆದದ್ದನ್ನು ಆದಹಾಗೆ ಹೇಳುವ ಕೆಲಸ ಈಗ ನನ್ನ ಪಾಲಿಗೆ ಬಂದಿದೆ.

ದೊಡ್ಡವ್ವ ನಮ್ಮವ್ವನ ಅಕ್ಕ. ಆಕೆಯ ಗಂಡ, ಅಂದರೆ ನಮ್ಮ ದೊಡ್ಡಪ್ಪ, ಶೇಂಗಾ, ಹತ್ತಿ ಬೆಳೆಯುತ್ತಿದ್ದ ಸಣ್ಣ ರೈತ. ಕುಡಿಯುವವನಲ್ಲ, ಬಯ್ಯುವವನಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ. ಇದ್ದದ್ದು ಒಂದೇ ಚಟ, ಬೀಡಿ. ಒಂದು ಮುಗಿಯುವ ಮೊದಲು ಅದರ ಕೆಂಡದಿಂದಲೇ ಇನ್ನೊಂದನ್ನು ಹೊತ್ತಿಸುತ್ತಿದ್ದ. ಬೆಂಕಿಪೊಟ್ಟಣದ ಖರ್ಚು ಉಳಿಯಿತು ಎಂದು ಅದಕ್ಕೆ ಸಮಾಧಾನ ಬೇರೆ.

ದೊಡ್ಡವ್ವನಿಗೆ ಮೂಗು ಇತ್ತು, ಆದರೆ ಅದರಿಂದ ಉಪಯೋಗ ಇರಲಿಲ್ಲ. ವರ್ಷದುದ್ದಕ್ಕೂ ಕಟ್ಟಿಕೊಂಡಿರುತ್ತಿತ್ತು. ಬೆಳಿಗ್ಗೆ ಎದ್ದರೆ ಹುಬ್ಬಿನ ಮೇಲೆ ಯಾರೋ ಕಲ್ಲು ಹೇರಿದಂತೆ ನೋವು. ಹಣೆಗೆ ಸುಂಠಿ ತೇಯ್ದು ಹಚ್ಚಿ, ಮೇಲೆ ಬಟ್ಟೆ ಬಿಗಿದುಕೊಂಡೇ ರೊಟ್ಟಿ ಬಡಿಯುತ್ತಿದ್ದಳು. ಯಾರೋ ನಶ್ಯ ಏರಿಸಿದರೆ ಮೂಗು ಬಿಡುತ್ತದೆ ಎಂದರು. ಏರಿಸಿದಳು. ಸಂಜೆಯವರೆಗೂ ಸೀನಿದಳು. ಆ ಸದ್ದಿಗೆ ಹಿತ್ತಲಲ್ಲಿದ್ದ ಎಮ್ಮೆ ಹಗ್ಗ ಹರಿದುಕೊಂಡು ಕೆರೆಯ ಕಡೆ ಓಡಿತಂತೆ. ‘ಅಂತೆ’ ಎಂದೆ, ಯಾಕೆಂದರೆ ಇದನ್ನು ಹೇಳಿದವಳು ನಮ್ಮವ್ವ. ಅಕ್ಕನ ಸುದ್ದಿ ಬಂದಾಗ ಅವಳು ಸ್ವಲ್ಪ ಒಗ್ಗರಣೆ ಹಾಕದೆ ಹೇಳುತ್ತಿರಲಿಲ್ಲ.

ನನ್ನ ತಮ್ಮ ಹುಟ್ಟಿದಾಗ ಬಾಣಂತನಕ್ಕೆ ದೊಡ್ಡವ್ವ ಸವಣೂರಿನ ನಮ್ಮ ಮನೆಗೆ ಬಂದಳು. ನಮ್ಮಪ್ಪನಿಗೆ ಎಲೆ ಅಡಿಕೆಯ ಚಟವಿತ್ತೇ ಹೊರತು ಬೀಡಿಯದಲ್ಲ. ಕೆಲವು ದಿನ ಕಳೆಯುತ್ತಲೇ ದೊಡ್ಡವ್ವ ಹಣೆಯ ಬಟ್ಟೆ ಬಿಚ್ಚಿದಳು. ಒಂದು ಮುಂಜಾನೆ ಕೂಸಿಗೆ ಎಣ್ಣೆ ಹಚ್ಚುತ್ತಿದ್ದವಳು ತಟ್ಟನೆ ನಿಂತು, ಅಂಗೈಯನ್ನು ಮೂಗಿಗೆ ಹಿಡಿದಳು.

“ತಂಗಿ, ಕೊಬ್ಬರಿ ಎಣ್ಣಿ ವಾಸನಿ ಬರಾಕತ್ತೇತಿ ನನಗ.”

“ಕೊಬ್ಬರಿ ಎಣ್ಣಿ ಹಚ್ಚಿದ್ರ ಮತ್ತೇನು ವಾಸನಿ ಬರಬೇಕಬೇ?” ಎಂದಳು ಅವ್ವ.

ದೊಡ್ಡವ್ವ ಆ ದಿನವೆಲ್ಲ ಮನೆಯ ಒಂದೊಂದೇ ಡಬ್ಬಿಯ ಮುಚ್ಚಳ ತೆಗೆದು ಮೂಸುತ್ತ ಓಡಾಡಿದಳು. ಸವಣೂರಿನ ಗಾಳಿ ತನಗೆ ಹಿಡಿಸಿದೆ ಎಂದುಕೊಂಡು ಊರಿಗೆ ಹೋದಳು. ವಾರದೊಳಗೆ ಹಣೆಗೆ ಮತ್ತೆ ಬಟ್ಟೆ ಏರಿತು.

ಆಮೇಲೆ ಗಂಡ ಹೆಂಡತಿ ಇಬ್ಬರೂ ಶಿಗ್ಗಾಂವಿಯ ಡಾಕ್ಟರರ ಬಳಿ ಹೋದರು. ಡಾಕ್ಟರು ಮೂಗಿಗೆ ಬ್ಯಾಟರಿ ಬಿಟ್ಟು ನೋಡಿ, ಎದೆಗೆ ಕೊಳವೆ ಇಟ್ಟು ಕೇಳಿ, “ದಿನಕ್ಕ ಎಷ್ಟು ಬೀಡಿ ಸೇದ್ತೀರಿ?” ಎಂದರು.

ದೊಡ್ಡವ್ವನಿಗೆ ಸಿಟ್ಟು ಬಂತು. “ನಾ ಯಾಕ ಸೇದ್ಲಿರಿ? ಆ ಕೆಲಸಕ್ಕ ನಮ್ಮ ಮನ್ಯಾಗ ಬ್ಯಾರೇದವರು ಅದಾರ.”

ಡಾಕ್ಟರು ದೊಡ್ಡಪ್ಪನ ಕಡೆ ತಿರುಗಿದರು. ನಿಮ್ಮ ಹೊಗೆಯೇ ಈಕೆಯ ಮೂಗನ್ನು ಬಾವು ಬರಿಸಿ ಕಟ್ಟಿಸಿದೆ, ಎದೆಗೂ ಇಳಿಯುತ್ತಿದೆ ಎಂದರು. ದೊಡ್ಡಪ್ಪನಿಗೆ ನಂಬಿಕೆ ಬರಲಿಲ್ಲ.

“ಸೇದಾಂವ ನಾನು. ನನಗ ಒಂದು ಸೀನು ಸೈತ ಬರೂದಿಲ್ಲ. ಆಕಿಗೆ ಹೆಂಗ ಬರತೈತ್ರಿ?”

“ನೀವು ಹೊರಗ ಬಿಟ್ಟದ್ದನ್ನ ಅವರು ಒಳಗ ತೊಗೊಳ್ಳಾಕತ್ತಾರ್ರಿ. ಮನಿ ಒಂದ, ಗಾಳಿ ಒಂದ.”

ಬಸ್ಸಿನಲ್ಲಿ ವಾಪಸು ಬರುವಾಗ ಊರು ಹತ್ತಿರ ಬಂದಾಗ ದೊಡ್ಡವ್ವ ಅಂದಳು: “ಅಂದ್ರ, ಮದಿವಿ ಆದಾಗಿಂದ ನಾನೂ ಬೀಡಿ ಸೇದೇನಿ. ಪುಕ್ಕಟ.”

ದೊಡ್ಡಪ್ಪ ಪ್ರಯತ್ನಿಸದೆ ಇರಲಿಲ್ಲ. ಕಿಟಕಿಯ ಸರಳುಗಳ ನಡುವೆ ಮೂತಿ ತೂರಿಸಿ ಸೇದಿದ. ಗಾಳಿ ತಿರುಗಿದಾಗ ಹೊಗೆ ಅವನಿಗಿಂತ ಮೊದಲು ಒಳಗೆ ಬಂತು. ಕಟ್ಟೆಯ ಮೇಲೆ ಕೂತು ಸೇದಿದ. ಮಳೆ ಹನಿಯುತ್ತಲೇ, ಇದೊಂದು ಮುಗಿಸುತ್ತೇನೆ ಎಂದು ಪಡಸಾಲೆಗೆ ಬಂದ. ಆ ಮಳೆಗಾಲದ ಒಂದು ಸಂಜೆ ದೊಡ್ಡವ್ವ ಕೌದಿ ಸುತ್ತಿ ಬಗಲಲ್ಲಿಟ್ಟುಕೊಂಡು ಹಿತ್ತಲಿನ ಕೊಟ್ಟಿಗೆಗೆ ನಡೆದಳು. ಎಮ್ಮೆಯ ಪಕ್ಕದ ಜಾಗ ಗುಡಿಸಿ ಹಾಸಿಕೊಂಡಳು.

ಊರಿಗೆ ಇಷ್ಟು ಸಾಕಾಗಿತ್ತು. ಸಂಸಾರ ಒಡೆಯಬಾರದೆಂದು ನಾಲ್ಕು ಮಂದಿ ಹಿರಿಯರು ಬುದ್ಧಿ ಹೇಳಲು ಬಂದರು. ದೊಡ್ಡಪ್ಪ ಜಮಖಾನ ಹಾಸಿ, ಮರ್ಯಾದೆಗೆಂದು ಬೀಡಿಯ ಕಟ್ಟು ಮುಂದಿಟ್ಟ. ಎಲ್ಲರೂ ಒಂದೊಂದು ಹೊತ್ತಿಸಿ ಪಂಚಾಯ್ತಿಗೆ ಕೂತರು. ದೊಡ್ಡವ್ವ ಸೆರಗನ್ನು ಮೂಗಿಗೆ ಹಿಡಿದು ಬಾಗಿಲಾಚೆಯೇ ನಿಂತಳು.

“ಗಂಡನ್ನ ಬಿಟ್ಟು ಎಮ್ಮಿ ಹತ್ರ ಮಲಗೂದು ಚಂದ ಕಾಣ್ತೈತೇನವ್ವಾ?” ಎಂದರು ಅವರಲ್ಲಿ ವಯಸ್ಸಾದವರು.

“ಎಮ್ಮಿ ಬೀಡಿ ಸೇದೂದಿಲ್ರಿ,” ಎಂದಳು ದೊಡ್ಡವ್ವ.

ಪ್ರಶ್ನೆ ಕೇಳಿದ ಆ ಹಿರಿಯರು ತಮ್ಮ ಬೀಡಿಯನ್ನು ಹೊಸ್ತಿಲಾಚೆ ಉಜ್ಜಿ ನಂದಿಸಿದರು. ಪಂಚಾಯ್ತಿಯ ತೀರ್ಪು ಅಷ್ಟೇ ಆಯಿತು.

ನಗುವ ಮಾತು ಇಲ್ಲಿಗೆ ಮುಗಿಯಿತು. ಮರುವರ್ಷದ ಶ್ರಾವಣದಲ್ಲಿ ದೊಡ್ಡವ್ವನ ಮಗಳ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ಮಗಳನ್ನು ಕೊಟ್ಟದ್ದು ತಿಳವಳ್ಳಿಗೆ. ಬೀಗರು ಬಾಡಿಗೆ ಜೀಪು ಮಾಡಿಕೊಂಡು ಬಂದರು. ಮಳೆ ಹಿಡಿದಿತ್ತು. ಇಡೀ ಗಂಡಸರ ಹಿಂಡು ಪಡಸಾಲೆಯೊಳಗೆ ಕೂತು, ಇರಚಲು ಹೊಡೆಯುತ್ತದೆಂದು ಬಾಗಿಲು ಹಾಕಿ, ಬೀಡಿ ಸೇದುತ್ತಿತ್ತು. ನಾವೂ ಸವಣೂರಿನಿಂದ ಹೋಗಿದ್ದೆವು. ತೊಟ್ಟಿಲು ಕಟ್ಟಿದ್ದ ನಡುಮನೆಗೂ ಹೊಗೆ ಮುಸುಕಿತ್ತು. ಮೊಮ್ಮಗನನ್ನು ತೊಟ್ಟಿಲಿಗೆ ಹಾಕಬೇಕಾದವಳು ದೊಡ್ಡವ್ವ. ಅವಳು ಕೊಟ್ಟಿಗೆಯಿಂದ ಒಳಗೆ ಬಂದು ಕೂಸನ್ನು ಎತ್ತಿಕೊಂಡಳು. ಹಾಡು ಶುರುವಾಯಿತು. ಆಕೆ ಕೆಮ್ಮತೊಡಗಿದಳು. ಕೆಮ್ಮು ನಿಲ್ಲಲಿಲ್ಲ. ಕೂಸನ್ನು ನಮ್ಮವ್ವನ ಕೈಗೆ ಕೊಟ್ಟು ನೆಲಕ್ಕೆ ಕೂತಳು. ಉಸಿರು ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ತುಟಿ ನೀಲಿಯಾಯಿತು.

ಬೀಗರ ಜೀಪಿನಲ್ಲೇ ಶಿಗ್ಗಾಂವಿಗೆ ಒಯ್ದರು. ಮಲಗಿಸಿದರೆ ಉಸಿರು ನಿಲ್ಲುತ್ತದೆಂದು ದೊಡ್ಡಪ್ಪ ದಾರಿಯುದ್ದಕ್ಕೂ ಆಕೆಯನ್ನು ಎದೆಗೆ ಆನಿಸಿಕೊಂಡು ಕೂರಿಸಿದ್ದ. ಪ್ರತಿ ಉಸಿರಿಗೂ ಆಕೆಯ ಎದೆಯಲ್ಲಿ ಸೀಟಿ ಊದಿದಂಥ ಸದ್ದು. ಇಂಜೆಕ್ಷನ್ ಕೊಟ್ಟ ಮೇಲೆ ಡಾಕ್ಟರು ಹೊರಗೆ ಬಂದರು.

“ಈ ಸಲ ಉಳದ್ರು. ಆದ್ರ ಈ ಎದಿ ಮದಲಿನಂಗ ಆಗೂದಿಲ್ಲ. ಇನ್ನ ಆಕಿ ಇರೋ ಮನ್ಯಾಗ ಹೊಗಿ ಆಡಬಾರದು. ಒಲಿದೂ ಬ್ಯಾಡ, ನಿಮ್ದೂ ಬ್ಯಾಡ.”

ದೊಡ್ಡಪ್ಪನ ಕೈ ರೂಢಿಯಂತೆ ಜೇಬಿಗೆ ಹೋಯಿತು, ಬೀಡಿ ತೆಗೆಯಿತು. ಅದನ್ನು ನೋಡಿದ, ತಿರುಗಿ ಜೇಬಿಗಿಟ್ಟ. ಒಳಗೆ ಹೋದಾಗ ದೊಡ್ಡವ್ವ ಕಣ್ಣು ತೆರೆದಿದ್ದಳು. ಎರಡು ಮಾತಿನ ನಡುವೆ ಉಸಿರಿಗೆ ನಿಂತು ನಿಂತು ಕೇಳಿದಳು: “ಕೂಸಿಗೆ... ಏನು ಹೆಸರಿಟ್ರಿ?”

“ಇನ್ನಾ ಇಟ್ಟಿಲ್ಲ. ನೀ ಬಾ ಮನಿಗೆ,” ಎಂದ ದೊಡ್ಡಪ್ಪ. ಆಮೇಲೆ ರುಮಾಲಿನ ತುದಿಯಿಂದ ಮುಖ ಮುಚ್ಚಿಕೊಂಡ.

ಮನೆಗೆ ಬಂದ ದಿನ ದೊಡ್ಡವ್ವ ಕೊಟ್ಟಿಗೆಯ ಕಡೆ ತಿರುಗಿದಳು. ದೊಡ್ಡಪ್ಪ ಆಕೆಯ ಕೌದಿ ಕಸಿದುಕೊಂಡು ನಡುಮನೆಯಲ್ಲಿ ಹಾಸಿದ. ತನ್ನ ಕೌದಿ ಎತ್ತಿಕೊಂಡು ತಾನೇ ಕೊಟ್ಟಿಗೆಗೆ ಹೊರಟ. “ಹೊಗಿ ನಂದು. ಹೊರಗ ಇರಬೇಕಾದಾಂವ ನಾ,” ಎಂದ. ಒಲೆಯನ್ನೂ ಹಿತ್ತಲಿಗೆ ಸಾಗಿಸಿ, ಮೇಲೆ ತಗಡು ಹೊದಿಸಿದ. ಊರಿಗೆ ಮತ್ತೆ ಹಬ್ಬ. ಎಮ್ಮೆಯ ಜೋಡಿ ಬದಲಾಯಿತು ಎಂದು ನಕ್ಕರು.

ಕೊಟ್ಟಿಗೆಯಲ್ಲಿ ಒಣಹುಲ್ಲು ತುಂಬಿತ್ತು. ಅಲ್ಲಿ ಬೀಡಿ ಹೊತ್ತಿಸುವಂತಿಲ್ಲ. ಸೇದಬೇಕೆಂದರೆ ಹೊಲದ ಬದುವಿಗೇ ಹೋಗಬೇಕು. ಮಳೆಯಲ್ಲಿ ಒಂದು ಕೈಗೆ ಛತ್ರಿ, ಇನ್ನೊಂದಕ್ಕೆ ಬೀಡಿ. ಕಡ್ಡಿ ಗೀರಲು ಮೂರನೇ ಕೈ ಎಲ್ಲಿಂದ ಬರಬೇಕು? ಬಿಟ್ಟ, ಮತ್ತೆ ಹಿಡಿದ, ಎತ್ತುಗಳ ಮೇಲೆ ಸಿಡುಕಿದ, ಲವಂಗ ಅಗಿದು ನಾಲಿಗೆ ಸುಟ್ಟುಕೊಂಡ. ಕೊನೆಗೆ ಒಂದು ಸುಗ್ಗಿಯ ಹೊತ್ತಿಗೆ ಬಿಟ್ಟೇಬಿಟ್ಟ. ದೊಡ್ಡವ್ವನ ಹಣೆಯ ಬಟ್ಟೆ ಹೋಯಿತು. ಎದೆ ಮಾತ್ರ ಡಾಕ್ಟರು ಹೇಳಿದಂತೆಯೇ ಉಳಿಯಿತು. ನಾಲ್ಕು ಹೆಜ್ಜೆ ಜೋರಾಗಿ ನಡೆದರೆ ನಿಂತು ಗೋಡೆ ಹಿಡಿಯುತ್ತಿದ್ದಳು.

ಎಂಬತ್ತರ ದಶಕದಲ್ಲಿ ನನಗೆ ಶಿಗ್ಗಾಂವಿಯಲ್ಲಿ ಮಾಸ್ತರಿಕೆ ಸಿಕ್ಕಿತು. ರವಿವಾರ ಹಿರೇಬೆಂಡಿಗೇರಿಗೆ ಹೋಗುತ್ತಿದ್ದೆ. ದೊಡ್ಡಪ್ಪ ಬೀಡಿ ಬಿಟ್ಟು ಎಷ್ಟೋ ವರ್ಷವಾಗಿತ್ತು. ಆದರೂ ಅವನ ಹಾಸಿಗೆ ಕೊಟ್ಟಿಗೆಯಲ್ಲೇ ಇತ್ತು. ಒಂದು ಮಧ್ಯಾಹ್ನ, ದೊಡ್ಡವ್ವ ಹಿತ್ತಲಲ್ಲಿ ಮೆಣಸಿನಕಾಯಿ ಆರಿಸುತ್ತಿದ್ದಾಗ, ಕೊಟ್ಟಿಗೆಯಲ್ಲಿ ಹಗ್ಗ ಹೊಸೆಯುತ್ತ ಕೂತಿದ್ದ ಅವನನ್ನು ಕೇಳಿದೆ.

“ಬೀಡಿ ಬಿಟ್ರಲ್ಲ ದೊಡ್ಡಪ್ಪ, ಇನ್ನ ಒಳಗ ಯಾಕ ಮಲಗೂದಿಲ್ಲ?”

ಅವನು ಹೊಸೆಯುವುದನ್ನು ನಿಲ್ಲಿಸಿದ. “ಒಂದಿನ ಮಲಗಿದ್ದೆ. ಆಕಿ ಎದಿ ಸಪ್ಪಳ ಕೇಳಸ್ತೈತಿ. ನಿದ್ದ್ಯಾಗೂ ಸೀಟಿ ಊದಿದಂಗ. ಅದನ್ನ ಮಾಡಿದಾಂವ ನಾ. ಕೇಳಕೋತ ಹೆಂಗ ಮಲಗಲಿ?”

ಮೆಣಸಿನಕಾಯಿಯ ರಾಶಿ ಅಲ್ಲಿಂದ ದೂರವೇನೂ ಇರಲಿಲ್ಲ. ದೊಡ್ಡವ್ವ ಕೈ ಜಾಡಿಸಿಕೊಂಡು ಎದ್ದು ಬಂದಳು. ಒಮ್ಮೆ ನಿಂತು ಉಸಿರು ತೆಗೆದುಕೊಂಡು, ಕೊಟ್ಟಿಗೆಯ ಬಾಗಿಲಲ್ಲಿ ನಿಂತಳು.

“ಆ ಸಪ್ಪಳ ಬರ್ತೈತಿ ಅಂದ್ರ ನಾ ಇನ್ನಾ ಅದೇನಿ ಅಂತ ಅರ್ಥ. ಅದು ಬರಲಾರದ ದಿನ ನಿನಗ ನಿದ್ದಿ ಹತ್ತತೈತೇನು?”

ದೊಡ್ಡವ್ವ ಒಳಗೆ ಬಂದು ದೊಡ್ಡಪ್ಪನ ಹಾಸಿಗೆಯನ್ನು ಸುತ್ತತೊಡಗಿದಳು. ಬಗ್ಗಿದಾಗ ಎದೆಯ ಸೀಟಿ ಜೋರಾಯಿತು. ಅದನ್ನು ಕೇಳಿ ಅವನು ಹಗ್ಗ ಕೆಳಗಿಟ್ಟು ಎದ್ದ. ಹಾಸಿಗೆಯ ಇನ್ನೊಂದು ತುದಿ ಹಿಡಿದ. ಇಬ್ಬರೂ ಅದನ್ನು ಎತ್ತಿಕೊಂಡು, ಆಕೆ ಉಸಿರಿಗೆ ನಿಂತಲ್ಲೆಲ್ಲ ಅವನೂ ನಿಲ್ಲುತ್ತ, ಮನೆಯೊಳಗೆ ಹೋದರು.